ಮೈಗ್ರೇನ್ ಮಾತ್ರೆಗಳಲ್ಲಿ ನನಗೆ ಹೊಂದುವುದನ್ನು ಹುಡುಕಿಕೊಂಡಿದ್ದು ಹೀಗೆ

ಮೂರು ತಿಂಗಳಿಗಿಂತ ಜಾಸ್ತಿ ಕಾಲ, ತಿಂಗಳಿಗೆ 15 ದಿನವಾದರೂ ತಲೆನೋವು. ಅದರಲ್ಲಿ 8 ದಿನವಾದರೂ ಮೈಗ್ರೇನ್. ಇಷ್ಟಿದ್ದರೆ ಅದು ಕ್ರಾನಿಕ್ ಮೈಗ್ರೇನ್. ನನ್ನದು ಅದೇ ಅಂತ ಗೊತ್ತಾಗಿದ್ದು ಅಡುಗೆಮನೆ ಕ್ಯಾಲೆಂಡರಿನಿಂದ. ನೋವು ಬಂದ ದಿನ, ಮುಟ್ಟಿನ ದಿನ, ನುಂಗಿದ ಮಾತ್ರೆ ಎಲ್ಲವನ್ನೂ ಅದರಲ್ಲಿ ಗುರುತು ಹಾಕುತ್ತಿದ್ದೆ.

ನ್ಯೂರಾಲಜಿಸ್ಟ್ ಮೊದಲು ಎಣಿಸಿದ್ದು ಮಾತ್ರೆ ನುಂಗಿದ ದಿನಗಳನ್ನು. ಪ್ಯಾರಾಸಿಟಮಾಲ್‌ನಂಥ ಸಾದಾ ಮಾತ್ರೆ ತಿಂಗಳಿಗೆ 15 ದಿನ, ಮೈಗ್ರೇನ್ ಬಂದಾಗ ನುಂಗುವ ಟ್ರಿಪ್ಟಾನ್ ಜಾತಿಯ ಮಾತ್ರೆ ಆದರೆ 10 ದಿನ ಮುಟ್ಟಿತು ಅಂದರೆ ಆ ಮಾತ್ರೆಯಿಂದಲೇ ತಲೆನೋವು ಹೆಚ್ಚಬಹುದು. ಆ ಮಾತ್ರೆಗಳನ್ನು ಕಡಿಮೆ ಮಾಡುತ್ತಲೇ, ನೋವು ಬಾರದಂತೆ ದಿನಾ ತೆಗೆದುಕೊಳ್ಳುವ ಔಷಧಿ ಆರಿಸಬೇಕಿತ್ತು.

ಯಾವುದು ಹೆಚ್ಚು ಪವರ್ ಅಂತ ಎಲ್ಲರೂ ಕೇಳುತ್ತಾರೆ. ನನಗೆ ಆ ಪ್ರಶ್ನೆಯಿಂದ ಏನೂ ಸಿಗಲಿಲ್ಲ. ನನ್ನ ಮೈಗೆ, ನನ್ನ ಕೆಲಸಕ್ಕೆ ಯಾವುದು ಹೊಂದುತ್ತದೆ ಅನ್ನುವುದೇ ಮುಖ್ಯ ಆಯಿತು. ನನಗೆ ಆಸ್ತಮಾ ಇದೆ, ಹಾಗಾಗಿ ಪ್ರೊಪ್ರನಲಾಲ್ ಬೇಡ ಅಂದರು. ಫ್ಲುನಾರಿಜಿನ್‌ನಿಂದ ತೂಕ ಏರಬಹುದು, ಮನಸ್ಸು ಕುಗ್ಗಬಹುದು. ಅದನ್ನೂ ಬಿಟ್ಟೆವು. ಟೊಪಿರಮೇಟ್ ಶುರು ಮಾಡಿದೆ. ಬೆರಳು ಜುಮ್ ಅನ್ನುವುದನ್ನು ತಡೆದುಕೊಳ್ಳಬಹುದಿತ್ತು. ಆದರೆ ಪಾಠ ಮಾಡುವಾಗ ದಿನಾ ಆಡುವ ಮಾತೇ ಬಾಯಿಗೆ ಬರುತ್ತಿರಲಿಲ್ಲ. ಮಕ್ಕಳು ಕಾಯುತ್ತಾ ನಿಂತಿರುತ್ತಿದ್ದರು. ಟೀಚರಿಗೆ ಇದು ಸಣ್ಣ ತೊಂದರೆ ಅಲ್ಲ. ಡಾಕ್ಟರು ನಿಧಾನಕ್ಕೆ ಡೋಸ್ ಇಳಿಸಿ ನಿಲ್ಲಿಸಿದರು.

ಆಮೇಲೆ ರಾತ್ರಿಗೆ ಅಮಿಟ್ರಿಪ್ಟಿಲಿನ್ 10 ಮಿಲಿಗ್ರಾಂ. ಬಾಯಿ ಒಣಗಿತು, ಬೆಳಿಗ್ಗೆ ಮಂಪರು. ಡಾಕ್ಟರನ್ನು ಕೇಳಿ ಊಟವಾದ ಕೂಡಲೇ ನುಂಗತೊಡಗಿದೆ, ಮಂಪರು ಇಳಿಯಿತು. ಯಾವ ಔಷಧಿಯನ್ನಾದರೂ ಸರಿಯಾದ ಡೋಸಿನಲ್ಲಿ 8ರಿಂದ 12 ವಾರ ನೋಡದೆ ಕೆಲಸ ಮಾಡಲಿಲ್ಲ ಅನ್ನಬಾರದು. ನನಗೂ ಎರಡನೇ ತಿಂಗಳು ಮುಗಿಯುವ ಹೊತ್ತಿಗೆ ಕ್ಯಾಲೆಂಡರಿನಲ್ಲಿ ಖಾಲಿ ದಿನಗಳು ಕಾಣತೊಡಗಿದವು.

ಮೈಗ್ರೇನ್ ತಡೆಯಲು ಕೊಡುವ ಬೊಟಾಕ್ಸ್ ಇಂಜೆಕ್ಷನ್ ಬಗ್ಗೆಯೂ ವಿಚಾರಿಸಿದ್ದೆ. ಹಣೆ, ತಲೆ, ಕುತ್ತಿಗೆ, ಭುಜ ಸೇರಿ 31 ಕಡೆ ಚುಚ್ಚುತ್ತಾರೆ, ಒಟ್ಟು 155 ಯೂನಿಟ್. 12 ವಾರಕ್ಕೊಮ್ಮೆ ಮತ್ತೆ ಆಗಬೇಕು. ಎರೆನುಮ್ಯಾಬ್‌ನಂಥ ತಿಂಗಳ ಇಂಜೆಕ್ಷನ್‌ಗಳೂ ಇವೆ. ಮಾತ್ರೆಗಿಂತ ಖರ್ಚು ತುಂಬಾ ಜಾಸ್ತಿ. ಮಾತ್ರೆಗೆ ಬಗ್ಗದಿದ್ದರೆ ನೋಡೋಣ ಅಂತ ಸದ್ಯಕ್ಕೆ ಬಿಟ್ಟಿದ್ದೇನೆ.

ನೋವು ಬಂದಾಗ ನುಂಗಲು ಸುಮಾಟ್ರಿಪ್ಟಾನ್ ಅನ್ನುವ ಟ್ರಿಪ್ಟಾನ್ ಮಾತ್ರೆ ಪರ್ಸಿನಲ್ಲೇ ಇರುತ್ತದೆ. ನೋವು ಶುರುವಾದ ಕೂಡಲೇ ತೆಗೆದುಕೊಂಡರೆ ಚೆನ್ನಾಗಿ ಕೇಳುತ್ತದೆ. ವಾರಕ್ಕೆ ಎರಡು ದಿನ ಮೀರುವುದಿಲ್ಲ. ಹೃದಯದ ರಕ್ತನಾಳದ ಕಾಯಿಲೆ ಇರುವವರು ಇದನ್ನು ಮುಟ್ಟಲೇಬಾರದು.