ಶಾಲೆಯಲ್ಲಿ ಆನೆಕಾಲು ರೋಗದ ಪರೀಕ್ಷೆ: 75 ಮೈಕ್ರೋಲೀಟರ್ ರಕ್ತ, 10 ನಿಮಿಷ

ಮಂಜೇಶ್ವರ, ಕುಂಬಳೆ ಕಡೆಯ ಶಾಲೆಗಳಿಗೆ ಹೋದರೆ ಪೋಷಕರು ಮೊದಲು ಕೇಳುವುದು ಇದನ್ನೇ: ದೊಡ್ಡವರಿಗೆ ಬರುವ ಕಾಯಿಲೆಗೆ ಮಕ್ಕಳ ರಕ್ತ ಯಾಕೆ? ದೊಡ್ಡವರ ಮೈಯಲ್ಲಿ ಈ ರೋಗ ತರುವ ಹಳೆಯ ಹುಳು ವರ್ಷಗಟ್ಟಲೆ ಬದುಕಿರುತ್ತದೆ, ಸೋಂಕು ಯಾವ ಕಾಲದ್ದೆಂದು ಹೇಳಲಾಗದು. 6–7 ವರ್ಷದ ಮಗುವಿನಲ್ಲಿ ಸಿಕ್ಕರೆ ಮಾತ್ರ ಕ್ಯೂಲೆಕ್ಸ್ ಸೊಳ್ಳೆ ಈಚೆಗೂ ರೋಗ ಹರಡಿದೆ ಎಂದು ಗೊತ್ತಾಗುತ್ತದೆ. ಅದಕ್ಕೇ ಒಂದನೇ, ಎರಡನೇ ತರಗತಿ.

ಪರೀಕ್ಷೆಗೆ ಮೊದಲು, ಸಾಮೂಹಿಕ ಔಷಧಿ ಸೇವನೆಯ (ಊರಿನ ಜನರಿಗೆ ಒಟ್ಟಾಗಿ ಆನೆಕಾಲು ರೋಗದ ಮಾತ್ರೆ ಕೊಡುವುದು) ಕೊನೆಯ ಸುತ್ತು ಮುಗಿದು ಕನಿಷ್ಠ 6 ತಿಂಗಳಾಗಿರಬೇಕು. ಮಳೆಗಾಲ ಬೇಡ, ರಜೆ ಯಾವಾಗ ಘೋಷಣೆಯಾಗುತ್ತದೋ ಹೇಳಲಾಗದು. ಒಪ್ಪಿಗೆ ಪತ್ರ ಕನ್ನಡ, ಮಲಯಾಳ ಎರಡರಲ್ಲೂ ಇರಲಿ. ತುಳು, ಬ್ಯಾರಿ ಮಾತಾಡುವ ಮನೆಗಳಿಗೆ ಆಶಾ ಕಾರ್ಯಕರ್ತೆಯೇ ಹೋಗಿ ಹೇಳಿದರೆ ಹೆಚ್ಚು ಸಹಿ ಬರುತ್ತದೆ. ಪರೀಕ್ಷೆಗೆ ಆರಿಸಿದವರ ಪಟ್ಟಿಯಲ್ಲಿರುವ ಮಗು ಗೈರಾದರೆ ಪಕ್ಕದ ಮಗುವನ್ನು ಕೂರಿಸಬೇಡಿ. ಗೈರಿನ ಲೆಕ್ಕ ಮೊದಲೇ ಮಾದರಿ ಸಂಖ್ಯೆಯಲ್ಲಿ ಸೇರಿರುತ್ತದೆ.

ಕೆಡುವುದು ಹೆಚ್ಚಾಗಿ ಬೆರಳಿನ ಹತ್ತಿರ. ಕೈ ತಣ್ಣಗಿದ್ದರೆ ಕೆಳಗೆ ಇಳಿಬಿಡಿಸಿ ಉಜ್ಜಿ. ಸ್ಪಿರಿಟ್ ಪೂರ್ತಿ ಒಣಗಲಿ. ಉಂಗುರ ಬೆರಳಿನ ಬದಿಗೆ ಲ್ಯಾನ್ಸೆಟ್ (ಚುಚ್ಚುವ ಸಣ್ಣ ಸೂಜಿ) ಚುಚ್ಚಿ ಮೊದಲ ಹನಿ ಒರೆಸಿಬಿಡಿ. ಬೆರಳನ್ನು ಹಿಂಡಬಾರದು: ಅಂಗಾಂಶದ ನೀರು ಸೇರಿ ರಕ್ತ ತೆಳುವಾಗುತ್ತದೆ. ರಕ್ತ ತುಂಬುವ ಸಣ್ಣ ಕೊಳವೆ, ಅಂದರೆ ಪಿಪೆಟ್ಟನ್ನು ಅಡ್ಡಲಾಗಿ ಹಿಡಿದರೆ ರಕ್ತ ತಾನೇ ಏರುತ್ತದೆ. 75 ಮೈಕ್ರೋಲೀಟರ್ ಗೆರೆ ಮುಟ್ಟಬೇಕು, ಗುಳ್ಳೆ ಇರಬಾರದು. ಕಡಿಮೆ ರಕ್ತಕ್ಕೆ ಬಂದ ನೆಗೆಟಿವ್ ಅನ್ನು ನಾನು ನೆಗೆಟಿವ್ ಎಂದು ಬರೆಯುವುದಿಲ್ಲ.

ಪರೀಕ್ಷೆ ನಡೆಯುವುದು ಸ್ಟ್ರಿಪ್ ಎಂಬ ಸಣ್ಣ ಪಟ್ಟಿಯಲ್ಲಿ. ಅದರ ತಟ್ಟೆಯ ಮೇಲೆ ಮಗುವಿನ ಸಂಖ್ಯೆಯನ್ನು ರಕ್ತ ಹಾಕುವ ಮೊದಲೇ ಬರೆಯಿರಿ. ಬಿಳಿ ಪ್ಯಾಡಿನ ಮೇಲರ್ಧಕ್ಕೆ ನಿಧಾನವಾಗಿ ರಕ್ತ ಬಿಟ್ಟು, ಆ ಗಳಿಗೆಯ ಸಮಯವನ್ನೂ ಅಲ್ಲೇ ಗುರುತಿಸಿ. ಓದುವುದು ಸರಿಯಾಗಿ 10 ನಿಮಿಷಕ್ಕೆ. ತಡವಾದರೆ ಸೋಂಕಿಲ್ಲದ ಮಗುವಿನ ಸ್ಟ್ರಿಪ್‌ನಲ್ಲೂ ಗೆರೆ ಮೂಡಬಹುದು. ಹಾಗಾಗಿ ಒಬ್ಬರು ರಕ್ತ ತೆಗೆದರೆ ಇನ್ನೊಬ್ಬರಿಗೆ ಗಡಿಯಾರ ನೋಡುವುದಷ್ಟೇ ಕೆಲಸ. ಬೆಳಕಿರುವ ಕಿಟಕಿಯ ಬಳಿ ಮೇಜು ಹಾಕಿ. ಸ್ಟ್ರಿಪ್ ಸರಿಯಾಗಿ ಕೆಲಸ ಮಾಡಿದೆ ಎಂದು ತೋರಿಸುವ ನಿಯಂತ್ರಣ ಗೆರೆ ಬರದಿದ್ದರೆ ಪರೀಕ್ಷೆ ಅಮಾನ್ಯ. ಎರಡನೇ ಗೆರೆ ಎಷ್ಟೇ ಮಸುಕಾಗಿರಲಿ, ಪಾಸಿಟಿವ್. ಹೊಸ ಸ್ಟ್ರಿಪ್‌ನಲ್ಲಿ ಮತ್ತೊಮ್ಮೆ ನೋಡಿ.

ಆನೆಕಾಲು ರೋಗ ತರುವ ಹುಳುಗಳಲ್ಲಿ ಈ ಸ್ಟ್ರಿಪ್ ಹಿಡಿಯುವುದು ವುಚೆರೇರಿಯಾ ಬ್ಯಾಂಕ್ರಾಫ್ಟಿಯನ್ನು ಮಾತ್ರ. ಕೇರಳದಲ್ಲಿ ಬ್ರೂಗಿಯಾ ಮಲಾಯಿ ಎಂಬ ಇನ್ನೊಂದು ಹುಳುವೂ ಇದ್ದದ್ದರಿಂದ ಇದನ್ನು ಮರೆಯಬಾರದು. ಅದಕ್ಕೆ ಬೇರೆಯದೇ ಪರೀಕ್ಷೆ ಬೇಕು.

ಪಾಸಿಟಿವ್ ಬಂದ ಮಗುವಿನ ಹೆಸರನ್ನು ತರಗತಿಯಲ್ಲಿ ಕೂಗಬೇಡಿ. ಸಂಜೆ ಮನೆಗೆ ಹೋಗಿ, ರಾತ್ರಿ ರಕ್ತಲೇಪನ (ಗಾಜಿನ ಮೇಲೆ ಹಚ್ಚಿದ ರಕ್ತದ ಹನಿ) ತೆಗೆದು, ವೈದ್ಯರ ಸೂಚನೆಯಂತೆ ಈ ಹುಳುವಿನ ಔಷಧಿಯಾದ ಡಿಇಸಿ ಮಾತ್ರೆ ಕೊಡಿಸಿ: ದಿನಕ್ಕೆ ಕಿಲೋ ತೂಕಕ್ಕೆ 6 ಮಿಲಿಗ್ರಾಂ, 12 ದಿನ. ಮನೆಯವರದ್ದೂ ನೆರೆಯವರದ್ದೂ ರಕ್ತ ನೋಡಿ.