ನಾಯಿಗಳಿರುವ ಮನೆಯಲ್ಲಿ ಉಣ್ಣೆಯ ಕೆಲಸ

ಕಳೆದ ಶನಿವಾರ ಬೆಂಗಳೂರಿನಿಂದ ಬಂದ ಮೊಮ್ಮಗಳು ಚೀಲದಿಂದ ಒಂದು ಸ್ವೆಟರ್ ತೆಗೆದು ನನ್ನ ಮುಂದೆ ಹಿಡಿದಳು. ಹೋದ ವರ್ಷ ನಾನೇ ಎರಡು ತಿಂಗಳು ಕುಳಿತು ಹೆಣೆದುಕೊಟ್ಟದ್ದು. ಅದೀಗ ಆರು ವರ್ಷದ ಮಗುವಿಗೆ ಹಿಡಿಸುವಷ್ಟು ಕುಗ್ಗಿ, ಕಂಬಳಿಯ ತುಂಡಿನಂತೆ ದಡ್ಡುಗಟ್ಟಿತ್ತು. ಅವಳ ಲ್ಯಾಬ್ರಡಾರ್ ನಾಯಿಯ ಕೂದಲು ಅದರೊಳಗೆ ನೂಲಿನ ಜೊತೆಯೇ ನೇಯ್ದಂತೆ ಸೇರಿಹೋಗಿತ್ತು. “ನಾಯಿ ವಾಸನೆ ಹೋಗಲಿ ಅಂತ ಮಷೀನಿನಲ್ಲಿ ಬಿಸಿನೀರಿಗೆ ಹಾಕಿದೆ ಅಜ್ಜಿ” ಎಂದಳು. ಆಗ ಬೈಯಲು ಬಾಯಿ ಬರಲಿಲ್ಲ. ಆ ಬಾಕಿಯನ್ನು ಈಗ ಬರೆದು ತೀರಿಸುತ್ತಿದ್ದೇನೆ.

ಮೂಡಿಗೆರೆ ಕಡೆಯ ನಮ್ಮ ತೋಟದ ಮನೆಯಲ್ಲಿ ಈ ದಿನಗಳಲ್ಲಿ ಬೆಳಿಗ್ಗೆ ಒಂಬತ್ತಾದರೂ ಮಂಜು ಹರಿಯುವುದಿಲ್ಲ. ಅರೇಬಿಕಾ ಕೊಯ್ಲು ಮುಗಿಯುತ್ತ ಬಂದಿರುತ್ತದೆ, ಭಾನುವಾರ ಕಣದಲ್ಲಿ ಸದ್ದಿರುವುದಿಲ್ಲ. ಒಲೆಯ ಪಕ್ಕದ ಕೋಣೆಯಲ್ಲಿ ಹೆಣಿಗೆ ಹಿಡಿದು ಕುಳಿತರೆ ಎರಡು ನಾಯಿಗಳೂ ಕಾಲಬುಡದಲ್ಲಿ ಬಂದು ಬೀಳುತ್ತವೆ: ಒಂದು ಹನ್ನೊಂದು ವರ್ಷದ ಜರ್ಮನ್ ಶೆಫರ್ಡ್ ಕರಿಯ, ಇನ್ನೊಂದು ಮುಧೋಳದ ಚೆನ್ನಿ. ನೋಡುವವರಿಗೆ ಇದು ಬಹಳ ಸೊಗಸಾಗಿ ಕಾಣುತ್ತದೆ. ಆದರೆ ಹೆಣಿಗೆಗೆ ಕೂರುವ ಮೊದಲು ನಾಯಿಯ ಮೈ ನೋಡಬೇಕೆಂಬುದು ನಮ್ಮ ಹುಡುಗರಿಗೆ ಎಷ್ಟು ಹೇಳಿದರೂ ತಲೆಗೆ ಹೋಗುವುದಿಲ್ಲ.

ನಮ್ಮಲ್ಲಿ ಕುರಿಯ ತುಪ್ಪಳಕ್ಕೆ ಉಣ್ಣೆ ಎನ್ನುತ್ತಾರೆ, ನಾಯಿಯ ಮೈಗೆ ಕಚ್ಚಿಕೊಳ್ಳುವ ಹುಳುವಿಗೆ ಉಣ್ಣಿ ಎನ್ನುತ್ತಾರೆ. ಉಚ್ಚಾರಣೆ ಹತ್ತಿರವಿದೆ ಎಂದು ಎರಡನ್ನೂ ಒಂದೇ ಹಾಸಿಗೆಗೆ ತರಬಾರದು. ಮಲೆನಾಡಿನಲ್ಲಿ ಇದು ತಮಾಷೆಯ ಮಾತಲ್ಲ. 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಿದ ಮಂಗನ ಕಾಯಿಲೆ ಹರಡುವುದು ಕಾಡಿನ ಉಣ್ಣಿಯಿಂದಲೇ, ಅದರ ಕಾಲ ಶುರುವಾಗುವುದೂ ಈ ಚಳಿಯ ತಿಂಗಳುಗಳಲ್ಲಿಯೇ. ಕಾಡಂಚಿಗೆ ಹೋಗಿ ಇಬ್ಬನಿಯಲ್ಲಿ ತೊಯ್ದು ಬಂದ ನಾಯಿಯನ್ನು ಜಗುಲಿಯಲ್ಲೇ ನಿಲ್ಲಿಸಿ ಒರೆಸಿ, ಕಿವಿಯ ಮಡಿಕೆ, ಬೆರಳ ಸಂದು, ಕಂಕುಳನ್ನು ನೋಡಿದ ಮೇಲಷ್ಟೇ ಒಳಗೆ ಬಿಡಬೇಕು. ಉಣ್ಣಿ ಸಿಕ್ಕರೆ ಉಗುರಿನಲ್ಲಿ ಹಿಸುಕಬೇಡಿ. ಚಿಮುಟದಿಂದ ಬುಡಕ್ಕೆ ಹಿಡಿದು ಎಳೆದು ಸ್ಪಿರಿಟ್ಟಿಗೆ ಹಾಕಿ. ಒಳಗೆ ಬಂದ ಮೇಲೂ ದೊಡ್ಡ ಮೈಯ ನಾಯಿಯನ್ನು ನುಣುಪಾದ ಟೈಲ್ಸಿನ ಮೇಲೆ ಮಲಗಿಸಬಾರದು. ಏಳುವಾಗ ಹಿಂಗಾಲು ಜಾರುತ್ತದೆ, ಮೊಣಕೈ ದಡ್ಡುಗಟ್ಟುತ್ತದೆ. ದಪ್ಪ ಗೋಣಿಚೀಲ, ಅದರ ಮೇಲೊಂದು ಹಳೆಯ ಕಂಬಳಿ ಹಾಕಿದರೆ ಸಾಕು. ಸಾವಿರಾರು ರೂಪಾಯಿಯ ಹಾಸಿಗೆ ತಂದು ಮೂರೇ ದಿನಕ್ಕೆ ಅದರ ಹತ್ತಿಯನ್ನು ಮನೆಯೆಲ್ಲ ಹರಡಿಸಿಕೊಂಡವರನ್ನು ನಾನು ನೋಡಿದ್ದೇನೆ.

ಇನ್ನು ನೂಲಿನುಂಡೆ. ಅದನ್ನು ಸೋಫಾದ ಮೇಲೆ ಬಿಟ್ಟು ಕಾಫಿ ಮಾಡಲು ಎದ್ದು ಹೋಗುವ ಅಭ್ಯಾಸ ಯಾರು ಕಲಿಸಿದರೋ ತಿಳಿಯದು. ನಾಯಿ ನುಂಗಿದ ನೂಲಿನ ಒಂದು ತುದಿ ಒಳಗೆಲ್ಲಾದರೂ ಸಿಕ್ಕಿಕೊಂಡರೆ ಕರುಳು ಅದರ ಉದ್ದಕ್ಕೂ ಲಾಡಿ ಎಳೆದಂತೆ ಸುಕ್ಕುಗಟ್ಟುತ್ತದೆ, ಎಳೆ ಕರುಳನ್ನೇ ಕೊಯ್ಯುತ್ತದೆ. ಬಾಯಿಯಲ್ಲೋ ಹಿಂದೆಯೋ ನೂಲಿನ ತುದಿ ಕಂಡರೆ ಎಳೆಯಬಾರದು, ನೇರವಾಗಿ ಪಶುವೈದ್ಯರ ಬಳಿಗೆ ಹೋಗಬೇಕು. ನನ್ನ ನೂಲು ಇರುವುದು ಹಿತ್ತಾಳೆಯ ಮುಚ್ಚಳದ ಡಬ್ಬಿಯಲ್ಲಿ, ಎಳೆ ಹೊರಬರುವಷ್ಟು ಮಾತ್ರ ಮುಚ್ಚಳವನ್ನು ಓರೆ ಮಾಡಿರುತ್ತೇನೆ. ಹಾಗೆಯೇ ಸ್ವೆಟರ್ ಪೆಟ್ಟಿಗೆಗೆ ನುಸಿಗುಳಿಗೆ ಹಾಕುವುದನ್ನು ನಾಯಿ ಸಾಕಿದ ದಿನವೇ ಬಿಟ್ಟೆ. ಅದು ನಾಯಿಗೆ ವಿಷ. ಬಟ್ಟೆಯನ್ನು ಚೆನ್ನಾಗಿ ಕೊಡವಿ ಬಿಸಿಲು ಕಾಣಿಸಿ, ಒಣಗಿದ ಬೇವಿನೆಲೆಯೊಡನೆ ಬಿಗಿಯಾಗಿ ಕಟ್ಟಿಟ್ಟರೆ ನನ್ನ ಪೆಟ್ಟಿಗೆಯಲ್ಲಿ ನುಸಿ ಬಿದ್ದದ್ದಿಲ್ಲ.

ಹೆಣಿಗೆ ಕಡ್ಡಿಯ ನಂಬರಿನ ಬಗ್ಗೆ ಒಂದೇ ಮಾತು. ನಮ್ಮ ಹಳೆಯ ಅಂಗಡಿಗಳಲ್ಲಿ ಸಿಗುತ್ತಿದ್ದ 8ನೇ ನಂಬರಿನ ಕಡ್ಡಿ 4 ಮಿಲಿಮೀಟರ್ ದಪ್ಪ, 10ನೇ ನಂಬರಿನದು 3.25, ನಂಬರು ಏರಿದಂತೆ ಕಡ್ಡಿ ತೆಳುವಾಗುತ್ತದೆ. ಅಮೆರಿಕದವರ ಲೆಕ್ಕ ಇದಕ್ಕೆ ತಿರುಗಾಮುರುಗ, ಅವರ 8 ಎಂದರೆ 5 ಮಿಲಿಮೀಟರ್. ವಿಡಿಯೋ ನೋಡಿ ಹೆಣೆದು “ಅಳತೆ ಯಾಕೆ ತಪ್ಪಿತು” ಎಂದು ನನ್ನನ್ನು ಕೇಳುವವರು ಮೊದಲು ಮಿಲಿಮೀಟರ್ ನೋಡಲಿ. ನನ್ನ ತಾಯಿ ಮುರಿದ ಕೊಡೆಯ ಕಡ್ಡಿಯನ್ನು ಕಲ್ಲಿಗೆ ಉಜ್ಜಿ ನಯ ಮಾಡಿಕೊಂಡು ಹೆಣೆಯುತ್ತಿದ್ದರು, ಅದಕ್ಕೆ ನಂಬರೇ ಇರಲಿಲ್ಲ. ಅವರು ಹೆಣೆದ ಯಾವ ಸ್ವೆಟರೂ ಯಾರಿಗೂ ಬಿಗಿಯಾಗಲಿಲ್ಲ.

ಈಗ ಒಗೆಯುವ ವಿಷಯ. ಇದರಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಮೊದಲು ನಿಮ್ಮದು ನಿಜವಾದ ಉಣ್ಣೆಯೇ ಎಂದು ತಿಳಿದುಕೊಳ್ಳಿ, ಏಕೆಂದರೆ ಅಂಗಡಿಯಲ್ಲಿ ಉಲ್ಲನ್ ಎಂದು ಕೊಡುವುದು ಬಹುಪಾಲು ಅಕ್ರಿಲಿಕ್ ಎಂಬ ಕೃತಕ ನೂಲು. ಒಂದು ಎಳೆಯನ್ನು ದೀಪಕ್ಕೆ ಹಿಡಿಯಿರಿ. ಕೂದಲು ಸುಟ್ಟ ವಾಸನೆ ಬಂದು ಬೂದಿ ಬೆರಳಲ್ಲಿ ಪುಡಿಯಾದರೆ ಉಣ್ಣೆ. ಕರಗಿ ಗಟ್ಟಿ ಮಣಿಯಾದರೆ ಅಕ್ರಿಲಿಕ್, ಅದಕ್ಕೆ ಇಷ್ಟೆಲ್ಲ ಉಪಚಾರ ಬೇಕಿಲ್ಲ.

ಉಣ್ಣೆಯಾದರೆ ಒದ್ದೆ ಮಾಡುವುದಕ್ಕೆ ಮುಂಚೆಯೇ ನಾಯಿಯ ಕೂದಲನ್ನು ತೆಗೆಯಬೇಕು. ಎಲ್ಲರೂ ಸೋಲುವುದು ಇಲ್ಲಿಯೇ. ಪಾತ್ರೆ ತೊಳೆಯುವ ರಬ್ಬರ್ ಕೈಗವಸು ಹಾಕಿಕೊಂಡು, ಅದನ್ನು ನೀರಲ್ಲಿ ಅದ್ದಿ ಚೆನ್ನಾಗಿ ಕೊಡವಿ, ಸ್ವೆಟರಿನ ಕತ್ತಿನಿಂದ ಅಂಚಿನ ಕಡೆಗೆ ಒಂದೇ ದಿಕ್ಕಿನಲ್ಲಿ ಸವರುತ್ತ ಬನ್ನಿ. ಕೂದಲು ಬತ್ತಿಯಂತೆ ಸುರುಳಿ ಸುತ್ತಿಕೊಂಡು ಎದ್ದು ಬರುತ್ತದೆ. ಹಿಂದಕ್ಕೂ ಮುಂದಕ್ಕೂ ಉಜ್ಜಿದಿರೋ, ಒಳಗೆ ಇಳಿಯುತ್ತದೆ. ಒಳಮಗ್ಗುಲನ್ನೂ ಹಾಗೆಯೇ ಮಾಡಿ, ತೋಳಿನ ಸಂದನ್ನು ಮರೆಯಬೇಡಿ. ಆಮೇಲೆ ಒಂದು ಹಳೆಯ ಬಿಳಿ ಪಂಚೆಯ ಮೇಲೆ ಸ್ವೆಟರನ್ನು ಹರವಿ, ಅದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದಿಟ್ಟುಕೊಳ್ಳಿ. ಒಣಗಿಸುವಾಗ ಈ ಗೆರೆಯೇ ನಿಮ್ಮ ಅಳತೆ.

ಅಂಟುವಾಳಕಾಯಿಯನ್ನು ಹಿಂದಿನ ರಾತ್ರಿಯೇ ಬೀಜ ಬಿಡಿಸಿ ನೆನೆಸಿರಬೇಕು, ಒಂದು ಸ್ವೆಟರಿಗೆ ಒಂದು ಹಿಡಿ. ಬೆಳಿಗ್ಗೆ ಸ್ವಲ್ಪ ಕುದಿಸಿ, ಕಿವುಚಿ, ಬಟ್ಟೆಯಲ್ಲಿ ಸೋಸಿ. ತೀರಾ ಬಿಳಿಯ ಉಣ್ಣೆಗೆ ಮಾತ್ರ ಇದು ಬೇಡ, ಕಂದು ಛಾಯೆ ಉಳಿಯುತ್ತದೆ. ಅದಕ್ಕೆ ಮಗುವಿನ ಶಾಂಪೂ ಬಳಸಿ. ಸೋಡಾ ಬೆರೆತ ಬಟ್ಟೆ ಸೋಪಿನ ಹತ್ತಿರ ಉಣ್ಣೆಯನ್ನು ಸುಳಿಯಗೊಡಬೇಡಿ, ಉಣ್ಣೆಯೂ ನಮ್ಮ ತಲೆಗೂದಲಿನ ಜಾತಿಯದೇ. ಉಳಿದ ಅಂಟುವಾಳದ ನೀರನ್ನು ಚೆಲ್ಲದೆ ಚಿನ್ನದ ಸರವನ್ನು ಅದರಲ್ಲಿ ಅದ್ದಿಡಿ, ಮೆತ್ತನೆಯ ಬ್ರಷ್ಷಿನಿಂದ ಉಜ್ಜಿದರೆ ಹೊಸದರಂತಾಗುತ್ತದೆ. ಹೇಳಿದಂತೆ ನೆನಪಾಯಿತು, ಬಚ್ಚಲಿನ ತಾಮ್ರದ ಹಂಡೆಯನ್ನು ಸ್ಟೀಲ್ ನಾರಿನಿಂದ ಗೀರುವುದನ್ನು ನನ್ನ ಸೊಸೆ ದಯಮಾಡಿ ನಿಲ್ಲಿಸಲಿ. ಹುಣಸೆಹುಳಿ ಮತ್ತು ಉಪ್ಪು ಇರುವುದು ಯಾತಕ್ಕೆ?

ನೀರು ಮಣಿಕಟ್ಟಿಗೆ ಬಿಸಿಯೂ ಅನ್ನಿಸಬಾರದು, ತಣ್ಣಗೂ ಅನ್ನಿಸಬಾರದು. ಒಗೆಯುವುದಕ್ಕೆ ಒಂದು, ಜಾಲಿಸುವುದಕ್ಕೆ ಎರಡು, ಒಟ್ಟು ಮೂರು ಬಕೆಟ್ಟನ್ನೂ ಮೊದಲೇ ಒಂದೇ ಹದಕ್ಕೆ ತುಂಬಿಸಿಟ್ಟುಕೊಳ್ಳಿ. ಉಣ್ಣೆಯ ಎಳೆಯ ಮೇಲೆ ಮೀನಿನ ಹುರುಪೆಯಂತೆ ಕಣ್ಣಿಗೆ ಕಾಣದ ಪದರಗಳಿರುತ್ತವೆ. ಬಿಸಿನೀರಿನಲ್ಲಿ ಅವು ಎದ್ದು ನಿಲ್ಲುತ್ತವೆ, ಉಜ್ಜಿದರೆ ಒಂದಕ್ಕೊಂದು ಕೊಕ್ಕೆ ಹಾಕಿಕೊಳ್ಳುತ್ತವೆ, ಹಾಗೆ ಕೂಡಿಕೊಂಡದ್ದು ಮತ್ತೆ ಬಿಡುವುದಿಲ್ಲ. ಆದ್ದರಿಂದ ಉಜ್ಜುವುದೂ ಇಲ್ಲ, ಹಿಂಡುವುದೂ ಇಲ್ಲ. ನೆನೆದ ಅವಲಕ್ಕಿಯನ್ನು ಮುದ್ದೆಯಾಗದಂತೆ ಅಂಗೈಯಲ್ಲಿ ಒತ್ತಿ ನೀರು ತೆಗೆಯುತ್ತೇವಲ್ಲ, ಅಷ್ಟೇ ಹಗುರವಾಗಿ ಒತ್ತಬೇಕು. ನೀರಿನಿಂದ ಎತ್ತುವಾಗ ಎರಡೂ ಕೈಯನ್ನು ಅಡಿಗೆ ಕೊಡಬೇಕು. ಹೆಗಲು ಹಿಡಿದು ಎತ್ತಿದರೆ ನೀರಿನ ಭಾರಕ್ಕೆ ತೋಳು ಮೊಣಕಾಲಿನವರೆಗೆ ಇಳಿಯುತ್ತದೆ. ದಪ್ಪ ಟವೆಲ್ಲಿನಲ್ಲಿ ಚಾಪೆಯಂತೆ ಸುತ್ತಿ, ಅದರ ಮೇಲೆ ಬರಿಗಾಲಿನಲ್ಲಿ ಒಂದು ತುದಿಯಿಂದ ಇನ್ನೊಂದು ತುದಿಗೆ ನಿಧಾನವಾಗಿ ತುಳಿದುಕೊಂಡು ಹೋಗಿ. ಟವೆಲ್ ಬದಲಿಸಿ ಇನ್ನೊಮ್ಮೆ ಮಾಡಿ. ಈ ಹೊತ್ತಿಗೆ ಕರಿಯನನ್ನು ಹೊರಗೆ ಕಟ್ಟಿರುತ್ತೇನೆ, ಇಲ್ಲದಿದ್ದರೆ ಅವನೂ ತುಳಿಯಲು ಬರುತ್ತಾನೆ.

ಹಗ್ಗಕ್ಕೆ ನೇತುಹಾಕುವವರೊಡನೆ ನನಗೆ ಮಾತಿಲ್ಲ. ಹಪ್ಪಳದ ಚಾಪೆಯ ಮೇಲೆ ಆ ಪಂಚೆಯನ್ನು ಹಾಸಿ, ಪೆನ್ಸಿಲ್ ಗೆರೆಗೆ ಸರಿಯಾಗಿ ಸ್ವೆಟರನ್ನು ಸವರಿ ಕೂರಿಸಿ, ನಾಯಿಗೆ ಎಟುಕದ ಅಟ್ಟದಲ್ಲಿ ನೆರಳಿಗೆ ಇಡಬೇಕು. ದಿನಕ್ಕೆರಡು ಸಲ ಮಗುಚಬೇಕು. ಕೈಗೆ ಒಣಗಿದಂತೆ ಕಂಡರೂ ನಂಬಬೇಡಿ. ಉಣ್ಣೆ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ತೇವವನ್ನು ಹೊಟ್ಟೆಯಲ್ಲಿಟ್ಟುಕೊಂಡೂ ಒಣಗಿದಂತೆ ನಟಿಸುತ್ತದೆ.

ಕುಗ್ಗಿಹೋದ ಆ ಸ್ವೆಟರಿಗೆ ಮದ್ದಿಲ್ಲ. ಆದರೆ ಹಾಗೆ ದಡ್ಡುಗಟ್ಟಿದ ಉಣ್ಣೆಗೆ ಕತ್ತರಿ ಹಾಕಿದರೂ ಎಳೆ ಬಿಚ್ಚುವುದಿಲ್ಲ. ಮುಧೋಳದ ನಾಯಿ ಬಯಲುಸೀಮೆಯದು, ಮೈಯಲ್ಲಿ ಕೊಬ್ಬಿಲ್ಲ, ಕೂದಲು ಗಿಡ್ಡ, ಚಳಿಗೆ ಗಡಗಡ ನಡುಗುತ್ತದೆ. ತೋಳು ಕತ್ತರಿಸಿ, ಹೊಟ್ಟೆಯ ಕಡೆ ಸೀಳಿ, ಮುಂಗಾಲಿನ ಹಿಂದೆ ಎದೆಯ ಸುತ್ತಳತೆ ಹಿಡಿದು, ಅಗಿಯುತ್ತದೆಂದು ಗುಂಡಿ ಹಾಕದೆ ಅಗಲವಾದ ಬಟ್ಟೆಪಟ್ಟಿಯಿಂದ ಕಟ್ಟುವಂತೆ ಮಾಡಿ ಚೆನ್ನಿಗೆ ತೊಡಿಸಿದ್ದೇನೆ. ಮೊಮ್ಮಗಳು ಮೈಮೇಲೆ ಹಾಕಿಕೊಂಡು ಬಂದಿದ್ದ ಇನ್ನೊಂದು ಸ್ವೆಟರನ್ನು ಬಿಚ್ಚಿಸಿ, ಮೇಲೆ ಹೇಳಿದ ಕ್ರಮದಲ್ಲೇ ಅವಳ ಕೈಯಿಂದ ಒಗೆಸಿದೆ. ಭಾನುವಾರ ಸಂಜೆ ಹೊರಡುವಾಗ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಕೊಡಿ ಎಂದಳು. ಕೊಡಲಿಲ್ಲ. ಅದಿನ್ನೂ ಅಟ್ಟದಲ್ಲಿದೆ, ಮುಂದಿನ ಶನಿವಾರ ಬಂದು ಒಯ್ಯಲಿ.