ಕಣ್ಣು ಮನೆಯವರಿಗೆ, ಕೈ ಹೆಣಿಗೆಗೆ

ನೆಂಟರ ಮನೆಯಲ್ಲಿ ಎರಡು ದಿನ ಇದ್ದು ಬಂದ ಮೇಲೆ ನಾನು ಒಂದು ಲೇಸ್ ಶಾಲಿನ 22 ಸಾಲು ಬಿಚ್ಚಬೇಕಾಯಿತು. ಅಲ್ಲಿ ಎಲ್ಲರ ಜೊತೆ ಮಾತಾಡುತ್ತಾ ಹೆಣೆದ ಸಾಲುಗಳವು. ಎಲ್ಲೋ ಒಂದು ಯಾರ್ನ್ ಓವರ್, ಅಂದರೆ ಲೇಸ್‌ನ ತೂತಿಗಾಗಿ ಕಡ್ಡಿಗೆ ದಾರ ಸುತ್ತುವುದು, ಬಿಟ್ಟುಹೋಗಿತ್ತು. ಅಲ್ಲಿಂದ ಮೇಲೆ ಎಲೆ ಡಿಸೈನ್ ಪೂರ್ತಿ ಒಂದು ಸ್ಟಿಚ್ ಪಕ್ಕಕ್ಕೆ ಸರಿದಿತ್ತು. ಬಿಚ್ಚುವುದು ನನಗೆ ಹೊಸದಲ್ಲ, ಅದಕ್ಕೆ ಬೇಜಾರಾಗಲಿಲ್ಲ. ಆದರೆ ದೊಡ್ಡಮ್ಮ ಆವತ್ತು ತಾವು ಶಾಲೆಗೆ ಹೋಗುತ್ತಿದ್ದ ದಿನಗಳ ಕಥೆ ಹೇಳಿದ್ದರು. ಅದರಲ್ಲಿ ಅರ್ಧ ನನ್ನ ತಲೆಗೆ ಹೋಗಿಯೇ ಇರಲಿಲ್ಲ. ಅವರು ಹೇಳುತ್ತಿದ್ದಾಗ ನಾನು ಒಳಗೊಳಗೇ ಸ್ಟಿಚ್ ಎಣಿಸುತ್ತಿದ್ದೆ. ಅದು ತುಂಬಾ ಚುಚ್ಚಿತು.

ಎರಡು ಕಡ್ಡಿಯ ಹೆಣಿಗೆ (ನಿಟ್ಟಿಂಗ್), ಒಂದೇ ಕೊಕ್ಕೆ ಕಡ್ಡಿಯ ಕ್ರೋಶಾ ಮಾಡುವವರು ಸೇರಿದರೆ "ಮನೆ, ನೆಂಟರು, ಓಡಾಟದ ಮಧ್ಯೆ ಟೈಮೇ ಸಿಗಲ್ಲ" ಅನ್ನುವ ಮಾತು ಬಂದೇ ಬರುತ್ತದೆ. ಟೈಮ್ ಸಿಗುತ್ತದೆ. ಪ್ರಯಾಣ, ಕಾಯುವುದು, ಸಂಜೆಯ ಹರಟೆ ಎಲ್ಲ ಸೇರಿಸಿ ನೋಡಿ, ಕೈ ಖಾಲಿ ಇರುವ ಹೊತ್ತು ಸಾಕಷ್ಟಿದೆ. ಆ ಹೊತ್ತಿನಲ್ಲಿ ಬಿಡುವಿಲ್ಲದಿರುವುದು ಕಣ್ಣಿಗೆ. ಹಾಗಾಗಿ ಯಾವ ಕೆಲಸ ಎಲ್ಲಿಗೆ ಒಯ್ಯಬೇಕು ಅನ್ನುವುದನ್ನು ಕಣ್ಣಿನ ಲೆಕ್ಕದಲ್ಲೇ ತೀರ್ಮಾನಿಸಬೇಕು. ಆ ಶಾಲಿನ ನಂತರ ನಾನು ರೂಢಿ ಮಾಡಿಕೊಂಡ ಕ್ರಮ ಇದು.

ಗೋಡೆ ನೋಡಿಕೊಂಡು ಒಂದು ಸಾಲು

ನಿಮ್ಮ ಹತ್ತಿರ ಅರ್ಧಕ್ಕೆ ನಿಂತಿರುವ ಕೆಲಸಗಳನ್ನೆಲ್ಲ ಹೊರಗೆ ತೆಗೆಯಿರಿ. ಒಂದೊಂದನ್ನೇ ಎತ್ತಿಕೊಂಡು, ಎದುರಿನ ಗೋಡೆ ನೋಡುತ್ತಾ ಒಂದು ಸಾಲು ಹೆಣೆಯಿರಿ. ಎಷ್ಟು ಸಲ ತಲೆ ಬಗ್ಗಿಸಿದಿರಿ ಎಣಿಸಿ. ಎರಡು ಮೂರು ಸಲ ಆದರೆ ಅದು ಕೈಯ ಕೆಲಸ, ಜನರ ನಡುವೆ ಮಾಡಬಹುದು. ಅದಕ್ಕಿಂತ ಜಾಸ್ತಿ ಆದರೆ ಕಣ್ಣಿನ ಕೆಲಸ. ಅದು ಮನೆಯಲ್ಲೇ ಇರಲಿ.

ನಿಟ್ಟಿಂಗ್‌ನಲ್ಲಿ ಗಾರ್ಟರ್ ಸ್ಟಿಚ್ ಎಲ್ಲಕ್ಕಿಂತ ಸುಲಭ. ಎರಡೂ ಕಡೆ ನಿಟ್, ಅಂದರೆ ಸಾದಾ ಸ್ಟಿಚ್ ಮಾತ್ರ. ಲೆಕ್ಕವೂ ಸುಲಭ, ಒಂದು ಏಣು ಅಂದರೆ ಎರಡು ಸಾಲು. ಸರ್ಕ್ಯುಲರ್ ನೀಡಲ್ (ಬಾಗುವ ತಂತಿಯಿಂದ ಜೋಡಿಸಿದ ಎರಡು ಗಿಡ್ಡ ಕಡ್ಡಿ) ಮೇಲೆ ಸುತ್ತಿಗೆ ಹೆಣೆಯುವ ಟೋಪಿಯೂ ಹಾಗೇ. ಅಂಚು ಮುಗಿದ ಮೇಲೆ ನೆತ್ತಿ ಬರುವವರೆಗೆ ಬರೀ ನಿಟ್. ರಿಬ್ಬಿಂಗ್, ಅಂದರೆ ನಿಟ್ ಮತ್ತು ಅದರ ಉಲ್ಟಾ ಸ್ಟಿಚ್ ಪರ್ಲ್ ಅನ್ನು ಒಂದಾದ ಮೇಲೊಂದು ಹೆಣೆಯುವುದು, ಸ್ವಲ್ಪ ಅಭ್ಯಾಸ ಕೇಳುತ್ತದೆ, ಆದರೆ ಅದಕ್ಕೂ ಕಣ್ಣು ಬೇಡ. ಬೆರಳಿಂದಲೇ ಗೊತ್ತಾಗುತ್ತದೆ. ಮುಂದಿನ ಕುಣಿಕೆಯ ಕೆಳಗೆ ಹೆಬ್ಬೆರಳು ಇಟ್ಟು ನೋಡಿ. ನುಣುಪಾಗಿ V ಆಕಾರದಲ್ಲಿ ಕೂತಿದ್ದರೆ ನಿಟ್. ಸಣ್ಣ ಗಂಟಿನ ಹಾಗೆ ತಡೆದರೆ ಪರ್ಲ್. ಒಂದು ವಾರ ದಿನಕ್ಕೆ ನಾಲ್ಕು ಸಾಲು ಹೀಗೆ ಮಾಡಿದರೆ ಬೆರಳು ಪಳಗುತ್ತದೆ.

ಕ್ರೋಶಾದಲ್ಲಿ ಕಣ್ಣು ಸ್ವಲ್ಪ ಜಾಸ್ತಿಯೇ ಬೇಕು, ಯಾಕೆಂದರೆ ಪ್ರತಿ ಸಲವೂ ಕಡ್ಡಿಯನ್ನು ಹೊಸ ಜಾಗಕ್ಕೆ ತೂರಿಸಬೇಕು. ಗ್ರ್ಯಾನಿ ಸ್ಕ್ವೇರ್, ಅಂದರೆ ನಡುವಿನಿಂದ ಸುತ್ತು ಸುತ್ತಾಗಿ ಸ್ಟಿಚ್ ಗೊಂಚಲುಗಳಿಂದ ಬೆಳೆಯುವ ಚೌಕ, ಮಾತ್ರ ಬೇರೆ. ಅದರಲ್ಲಿ ತೂರಿಸುವುದು ಸ್ಟಿಚ್‌ಗೆ ಅಲ್ಲ, ಎರಡು ಗೊಂಚಲಿನ ನಡುವಿನ ಖಾಲಿ ಜಾಗಕ್ಕೆ. ಆ ಜಾಗ ಬೆರಳಿಗೇ ಸಿಗುತ್ತದೆ. ಮೊದಲ ಎರಡು ಸುತ್ತು ಮನೆಯಲ್ಲಿ ಮಾಡಿಟ್ಟುಕೊಂಡರೆ ಉಳಿದ ಸುತ್ತುಗಳನ್ನು ಹರಟೆಯ ಮಧ್ಯೆ ಆರಾಮಾಗಿ ಮಾಡಬಹುದು.

ಲೇಸ್, ಕೇಬಲ್ (ಸ್ಟಿಚ್‌ಗಳನ್ನು ದಾಟಿಸಿ ಜಡೆಯ ಹಾಗೆ ಮಾಡುವ ಡಿಸೈನ್), ಚಾರ್ಟ್ ನೋಡಿ ಹೆಣೆಯುವ ಬಣ್ಣದ ಡಿಸೈನ್, ಕತ್ತು ತೋಳಿನ ಶೇಪಿಂಗ್, ತುಂಡು ಸೇರಿಸಿ ಹೊಲಿಯುವುದು ಎಲ್ಲವೂ ಕಣ್ಣಿನ ಕೆಲಸ. ಕಪ್ಪು ಅಥವಾ ಕಡು ನೀಲಿ ಉಲ್ಲನ್ ಆದರೆ ಸಾದಾ ಹೆಣಿಗೆಯೂ ರಾತ್ರಿ ಹೊತ್ತು ಕಣ್ಣಿನ ಕೆಲಸವೇ. ಅಮಿಗುರುಮಿ, ಅಂದರೆ ಕ್ರೋಶಾ ಗೊಂಬೆ, ಚಿಕ್ಕದು ಅಂತ ಬಹಳ ಜನ ಚೀಲಕ್ಕೆ ಹಾಕಿಕೊಳ್ಳುತ್ತಾರೆ. ಬೇಡ ಅಂತಲೇ ನನ್ನ ಸಲಹೆ. ಅದು 6 ಸ್ಟಿಚ್‌ನಿಂದ ಶುರುವಾಗಿ 12, 18, 24 ಅಂತ ಬೆಳೆಯುತ್ತದೆ, ಸುತ್ತು ಎಲ್ಲೂ ನಿಲ್ಲದೆ ಸುರುಳಿಯಾಗಿ ಹೋಗುತ್ತದೆ. ಮಧ್ಯದಲ್ಲಿ ಯಾರೋ ಕರೆದು ಒಂದು ಸ್ಟಿಚ್ ತಪ್ಪಿದರೂ ಗೊಂಬೆಯ ತಲೆ ಒಂದು ಕಡೆಗೆ ವಾಲಬಹುದು.

ಉಡುಗೊರೆಗೆ ತಾರೀಖು ಇದ್ದರೆ ಮೊದಲು ಲೆಕ್ಕ

ಮನೆಯವರ ಜೊತೆ ಇರುವಾಗ ಹೆಣಿಗೆ ಹಿಂಸೆಯಾಗುವುದು ಬಹುಪಾಲು ಅವಸರದಿಂದ. ಹತ್ತು ದಿನದಲ್ಲಿ ಮಫ್ಲರ್ ಕೊಡುತ್ತೇನೆ ಅಂತ ಬಾಯಿತಪ್ಪಿ ಹೇಳಿಬಿಟ್ಟಿರುತ್ತೇವೆ. ಆಮೇಲೆ ಎಲ್ಲಿ ಹೋದರೂ ತಲೆ ಬಗ್ಗಿಸಿಯೇ ಕೂರಬೇಕಾಗುತ್ತದೆ. ಮಾತು ಕೊಡುವ ಮೊದಲು ಐದು ನಿಮಿಷ ಲೆಕ್ಕ ಹಾಕಿ.

ಒಂದು ಉದಾಹರಣೆ ನೋಡೋಣ. ಮಫ್ಲರ್ 150 ಸೆಂ.ಮೀ. ಉದ್ದ, 40 ಸ್ಟಿಚ್ ಅಗಲ. ನಿಮ್ಮ ಕೈಯಲ್ಲಿ 10 ಸೆಂ.ಮೀ.ಗೆ 24 ಸಾಲು ಬರುತ್ತದೆ ಅಂದುಕೊಳ್ಳಿ. ಒಟ್ಟು 360 ಸಾಲು ಆಯಿತು. ನಿಮಿಷಕ್ಕೆ 20 ಸ್ಟಿಚ್ ವೇಗದಲ್ಲಿ ಒಂದು ಸಾಲಿಗೆ 2 ನಿಮಿಷ. ಅಂದರೆ 720 ನಿಮಿಷ, 12 ಗಂಟೆ. ಅದೇ ವೇಗದಲ್ಲಿ ಮಗುವಿನ ಟೋಪಿ, 72 ಸ್ಟಿಚ್‌ನ 42 ಸುತ್ತು, ಎರಡೂವರೆ ಗಂಟೆಯಲ್ಲಿ ಮುಗಿಯುತ್ತದೆ. ಎಷ್ಟು ವ್ಯತ್ಯಾಸ, ಅಲ್ವಾ? ನಿಮ್ಮ ವೇಗವನ್ನು ಗಡಿಯಾರ ಇಟ್ಟುಕೊಂಡು ಒಮ್ಮೆ ಅಳೆದುಕೊಳ್ಳಿ. ಮಾತಾಡುತ್ತಾ ಹೆಣೆಯುವಾಗ ಆ ವೇಗ ಅರ್ಧಕ್ಕೆ ಇಳಿಯುತ್ತದೆ ಅಂತಲೇ ಇಟ್ಟುಕೊಳ್ಳಿ. ಹಾಗೆ ನೋಡಿದಾಗ ತಾರೀಖಿಗೆ ಮುಟ್ಟದಿದ್ದರೆ ಮಫ್ಲರ್ ಬಿಟ್ಟು ಟೋಪಿ ಆರಿಸಿ. ಪಡೆಯುವವರಿಗೆ ಎರಡೂ ಖುಷಿಯೇ.

ಹೊರಡುವ ಹಿಂದಿನ ದಿನ

ಹೊಸ ಕೆಲಸವನ್ನು ದಾರಿಯಲ್ಲಿ ಶುರು ಮಾಡಬೇಡಿ. ಕ್ಯಾಸ್ಟ್ ಆನ್ ಮಾಡಿ (ಮೊದಲ ಸಾಲಿನ ಕುಣಿಕೆಗಳನ್ನು ಕಡ್ಡಿಗೆ ಹಾಕಿ), ಸ್ಟಿಚ್ ಎಣಿಸಿ, ಐದಾರು ಸಾಲು ಹೆಣೆದು ಚೀಲಕ್ಕೆ ಹಾಕಿ. ಸುತ್ತಿಗೆ ಹೆಣೆಯುವುದಾದರೆ ಇದು ಇನ್ನೂ ಮುಖ್ಯ, ಏಕೆಂದರೆ ಮೊದಲ ಸುತ್ತು ತಿರುಚಿಕೊಂಡರೆ ಸುಮಾರು ಸಾಲು ಆದ ಮೇಲೇ ಗೊತ್ತಾಗುತ್ತದೆ, ಆಗ ಪೂರ್ತಿ ಬಿಚ್ಚದೆ ಬೇರೆ ದಾರಿಯಿಲ್ಲ.

ಉದ್ದನೆಯ ನೇರ ಕಡ್ಡಿಗಿಂತ ಸರ್ಕ್ಯುಲರ್ ನೀಡಲ್ ಪ್ರಯಾಣಕ್ಕೆ ಒಳ್ಳೆಯದು. ಪಕ್ಕದವರ ಮೊಣಕೈಗೆ ತಗಲುವುದಿಲ್ಲ. ಒಂದು ಕಡ್ಡಿ ಸೀಟಿನ ಕೆಳಗೆ ಬಿದ್ದು ಕಳೆದುಹೋಗುವ ಭಯವೂ ಇಲ್ಲ. ನಿಲ್ಲಿಸುವಾಗ ಎಲ್ಲ ಕುಣಿಕೆಗಳನ್ನು ನಡುವಿನ ತಂತಿಗೆ ತಳ್ಳಿದರೆ ಸಾಕು. ನೇರ ಕಡ್ಡಿಯೇ ಇದ್ದರೆ ತುದಿಗೆ ರಬ್ಬರ್ ಬ್ಯಾಂಡ್ ಬಿಗಿಯಾಗಿ ಸುತ್ತಿ. ವಿಮಾನದಲ್ಲಿ ಹೋಗುವವರು ಕಡ್ಡಿ, ಕತ್ತರಿಯ ನಿಯಮ ಮೊದಲೇ ನೋಡಿಕೊಳ್ಳಿ, ಒಂದೊಂದು ಕಡೆ ಒಂದೊಂದು ಥರ ಇರುತ್ತದೆ.

ಉಲ್ಲನ್ ಸಾಕಾಗುತ್ತದೆಯೇ ಅನ್ನುವುದನ್ನೂ ಮನೆಯಲ್ಲೇ ತಿಳಿಯಬಹುದು. ಅಡುಗೆಮನೆಯ ತೂಕದ ಯಂತ್ರದ ಮೇಲೆ ಉಂಡೆ ಇಡಿ. ಹತ್ತು ಸಾಲು ಹೆಣೆದು ಮತ್ತೆ ತೂಗಿ. ಹತ್ತು ಸಾಲಿಗೆ 5 ಗ್ರಾಂ ಹೋಗಿದ್ದರೆ 50 ಗ್ರಾಂ ಉಂಡೆಯಲ್ಲಿ 100 ಸಾಲು ಸಿಗುತ್ತದೆ. ಉಂಡೆಯ ಲೇಬಲ್‌ನ ಒಂದು ಫೋಟೊ ಫೋನಿನಲ್ಲಿ ಇರಲಿ. ಅದರಲ್ಲಿ ಬಣ್ಣದ ನಂಬರ್ ಜೊತೆಗೆ ಡೈ ಲಾಟ್, ಅಂದರೆ ಒಟ್ಟಿಗೆ ಬಣ್ಣ ಹಾಕಿದ ಕಂತಿನ ನಂಬರ್ ಇರುತ್ತದೆ. ಒಂದೇ ಬಣ್ಣ ಅನ್ನಿಸಿದರೂ ಬೇರೆ ಲಾಟ್ ಆದರೆ ಹೆಣೆದ ಮೇಲೆ ಪಟ್ಟೆಯ ಹಾಗೆ ಎದ್ದು ಕಾಣಬಹುದು.

ಉಂಡೆಯನ್ನು ಒಳಗಿನಿಂದ ದಾರ ಬರುವ ಹಾಗೆ ಸುತ್ತಿಕೊಳ್ಳಿ, ಅದು ಉರುಳಿ ಊರೆಲ್ಲ ಸುತ್ತುವುದಿಲ್ಲ. ದಬ್ಬಣ, ಸಣ್ಣ ಕತ್ತರಿ, ನಾಲ್ಕು ಸೇಫ್ಟಿ ಪಿನ್, ಟೇಪು, ಒಂದು ಚೀಟಿ, ಪೆನ್ಸಿಲ್. ಇಷ್ಟು ಸಾಕು. ಕೆಲಸ ಒಂದೇ ಇರಲಿ. ಮೂರು ತೆಗೆದುಕೊಂಡು ಹೋದರೆ ಚೀಲ ಭಾರ, ಮನಸ್ಸೂ ಭಾರ.

ಎಲ್ಲರ ಜೊತೆ ಕೂತಾಗ

ಹೋದ ತಕ್ಷಣ ಕಡ್ಡಿ ತೆಗೆಯಬೇಡಿ. ಮೊದಲ ಅರ್ಧ ಗಂಟೆ ಪೂರ್ತಿ ಮನೆಯವರಿಗೆ ಇರಲಿ. ಮುಖ ನೋಡಿ, ಆರೋಗ್ಯ ವಿಚಾರಿಸಿ, ಮಕ್ಕಳು ತೋರಿಸುವುದನ್ನೆಲ್ಲ ನೋಡಿ. ಆಮೇಲೆ "ಕೈಗೆ ಸುಮ್ನೆ ಕೂರೋಕೆ ಆಗಲ್ಲ, ಹೆಣೀತಾ ಮಾತು ಕೇಳ್ತೀನಿ, ಪರವಾಗಿಲ್ವಾ?" ಅಂತ ಒಂದು ಮಾತು ಕೇಳಿಬಿಡಿ. ಹಿರಿಯರಿಗೆ ಈ ಒಂದು ಮಾತು ಬಹಳ ಮುಖ್ಯ. ಕೇಳದೆ ಶುರು ಮಾಡಿದರೆ ನಮ್ಮ ಮಾತು ಇವಳಿಗೆ ಬೇಡವಾಗಿದೆ ಅಂದುಕೊಳ್ಳುತ್ತಾರೆ. ಅವರು ಹಾಗೆ ಅಂದುಕೊಳ್ಳುವುದರಲ್ಲಿ ತಪ್ಪೇನೂ ಇಲ್ಲ.

ಯಾರಾದರೂ ನಿಮ್ಮ ಹತ್ತಿರವೇ ನೇರವಾಗಿ ಮಾತಾಡಿದಾಗ ತಲೆ ಎತ್ತಿ. ಕೈ ನಡೆಯುತ್ತಿದ್ದರೆ ನಡೆಯಲಿ. ಕಷ್ಟದ ವಿಷಯ, ಕಾಯಿಲೆಯ ವಿಷಯ, ಕಣ್ಣೀರು ಬಂದಾಗ ಕೈಯನ್ನೂ ನಿಲ್ಲಿಸಿ, ಸಾಲು ಮುಗಿಯಲಿ ಅಂತ ಕಾಯಬೇಡಿ. ಅದಕ್ಕೇ ಸಾಲಿನ ಮಧ್ಯದಲ್ಲಿ ನಿಲ್ಲಿಸುವುದು ಹೇಗೆ ಅಂತ ಗೊತ್ತಿರಬೇಕು.

ನಿಟ್ಟಿಂಗ್ ಆದರೆ ಎರಡೂ ಕಡ್ಡಿಯ ಕುಣಿಕೆಗಳನ್ನು ತುದಿಯಿಂದ ಹಿಂದಕ್ಕೆ ತಳ್ಳಿ ಕೆಳಗಿಡಿ. ಮತ್ತೆ ಎತ್ತಿಕೊಳ್ಳುವಾಗ ಒಂದೇ ಒಂದು ನೋಡಿ: ಉಂಡೆಗೆ ಹೋಗುವ ದಾರ ಯಾವ ಕಡ್ಡಿಯಿಂದ ನೇತಾಡುತ್ತಿದೆ? ಆ ಕಡ್ಡಿ ಬಲಗೈಗೆ ಬರಬೇಕು. ದಾರ ಹೊರಡುವುದು ಕೊನೆಗೆ ಹೆಣೆದ ಸ್ಟಿಚ್‌ನಿಂದ, ಹೆಣೆದು ಮುಗಿದದ್ದು ಇರುವುದು ಬಲಗಡೆ. ಇದನ್ನು ನೋಡದೆ ಉಲ್ಟಾ ಹಿಡಿದರೆ ಬಂದ ದಾರಿಯಲ್ಲೇ ವಾಪಸ್ ಹೆಣೆದುಕೊಂಡು ಹೋಗುತ್ತೀರಿ, ನಡುವೆ ಒಂದು ತೂತು ಬೀಳುತ್ತದೆ. ಹೊಸಬರು ಸಾಲಿನ ಮಧ್ಯ ನಿಲ್ಲಿಸಲು ಹೆದರುವುದು ಇದಕ್ಕೇ. ಗೊತ್ತಾದ ಮೇಲೆ ಹೆದರಿಕೆ ಇಲ್ಲ.

ಕ್ರೋಶಾದಲ್ಲಿ ಇನ್ನೂ ಸುಲಭ. ತೆರೆದಿರುವುದು ಸಾಮಾನ್ಯವಾಗಿ ಒಂದೇ ಕುಣಿಕೆ. ಅದನ್ನು ಸ್ವಲ್ಪ ದೊಡ್ಡದಾಗಿ ಎಳೆದು ಸೇಫ್ಟಿ ಪಿನ್ ಹಾಕಿ. ಪಿನ್ ಹಾಕದೆ ಚೀಲಕ್ಕೆ ತುರುಕಿದರೆ, ಆಮೇಲೆ ದಾರ ಎಳೆದಾಗ ಸಾಲಿಗೆ ಸಾಲೇ ಸರಸರ ಬಿಚ್ಚಿಕೊಂಡು ಬರುತ್ತದೆ.

ಲೇಸ್ ಶಾಲಿನ ಆ ಘಟನೆಯ ನಂತರ ಮುಂದಿನ ಸಲ ದೊಡ್ಡಮ್ಮನ ಹತ್ತಿರ ಹೋದಾಗ ನಾನು ಬೂದು ಬಣ್ಣದ ಸಾದಾ ಟೋಪಿ ಒಯ್ದೆ. ಶಾಲೆಯ ಕಥೆ ಇನ್ನೊಮ್ಮೆ ಹೇಳಿ ಅಂದೆ. ಹೇಳಿದರು, ಮೊದಲ ಸಲ ಹೇಳದೇ ಇದ್ದ ಎರಡು ವಿಷಯ ಸೇರಿಸಿ. ಟೋಪಿ ಆವತ್ತು ಏಳು ಸೆಂ.ಮೀ. ಬೆಳೆಯಿತು. ಒಂದು ಸ್ಟಿಚ್ ಕೂಡ ತಪ್ಪಲಿಲ್ಲ.

ಮಕ್ಕಳಿದ್ದರೆ ಅವರಿಗೂ ಕೆಲಸ ಕೊಡಿ. ಎರಡು ಕೈ ಚಾಚಿ ಉಲ್ಲನ್ ಲಡಿ ಹಿಡಿಯುವುದು, ಉಂಡೆ ಸುತ್ತುವುದು, ಬೆರಳಿನಲ್ಲೇ ಚೈನ್ ಹೆಣೆಯುವುದು. ಬೆರಳ ಚೈನ್‌ಗೆ ಕಡ್ಡಿಯೇ ಬೇಡ. ಐದಾರು ವರ್ಷದವರೂ ಬೇಗ ಕಲಿತು ಮೊಳಗಟ್ಟಲೆ ಮಾಡುತ್ತಾರೆ. ತೀರಾ ಪುಟ್ಟವರು ಓಡಾಡುವ ಮನೆಯಲ್ಲಿ ಮಾತ್ರ ಕಡ್ಡಿ, ಕತ್ತರಿ, ಪಿನ್ ಎಲ್ಲವೂ ಕೆಲಸ ನಿಲ್ಲಿಸಿದ ಕೂಡಲೇ ಎತ್ತರದ ಜಾಗಕ್ಕೆ ಹೋಗಬೇಕು.

ಸುತ್ತಾಟಕ್ಕೆ ಹೋದಾಗ

ಟಿಕೆಟ್ ಸಾಲು, ಸ್ಟೇಷನ್, ಯಾರೋ ತಯಾರಾಗುವವರೆಗೆ ಕಾಯುವ ಹೊತ್ತು, ಇವೆಲ್ಲ ಅಂಗೈಯಗಲದ ಕೆಲಸಕ್ಕೆ ಸರಿ. ಹುಲ್ಲು, ಮರಳಿನ ಮೇಲೆ ಕೂರುವುದಾದರೆ ಮಡಿಲಿಗೆ ಒಂದು ತಿಳಿ ಬಣ್ಣದ ಬಟ್ಟೆ ಹಾಸಿಕೊಳ್ಳಿ. ಕಸ ಅಂಟುವುದಿಲ್ಲ, ಸ್ಟಿಚ್ ಸ್ಪಷ್ಟವಾಗಿಯೂ ಕಾಣುತ್ತದೆ. ಬೆಟ್ಟ ಹತ್ತುವುದು, ನೀರಿಗಿಳಿಯುವುದು, ಮಕ್ಕಳ ಹಿಂದೆ ಓಡುವುದು ಇರುವ ದಿನ ಚೀಲ ಮನೆಯಲ್ಲೇ ಬಿಡಿ. ಅರ್ಧ ಗಂಟೆಗೊಮ್ಮೆ ಬೆರಳು ಚಾಚಿ, ಮಣಿಕಟ್ಟು ತಿರುಗಿಸಿ, ಭುಜ ಸಡಿಲಿಸಿ. ಪ್ರಯಾಣದಲ್ಲಿ ಮೈ ಮುದುಡಿ ಕೂತಿರುತ್ತೇವೆ, ನೋವು ಬೇಗ ಬರುತ್ತದೆ.

ಕಣ್ಣಿನ ಕೆಲಸಕ್ಕೆ ಅದರದೇ ಹೊತ್ತು

ಹಾಗಾದರೆ ಲೇಸ್ ಶಾಲು ಯಾವಾಗ ಮುಗಿಯಬೇಕು? ಅದಕ್ಕೆ ಮನೆಯಲ್ಲಿ ಹೊತ್ತು ಗೊತ್ತು ಮಾಡಿ. ನನಗೆ ಬೆಳಗ್ಗೆ 40 ನಿಮಿಷ, ಕಿಟಕಿ ಪಕ್ಕ. ಮನೆಯವರಿಗೆ ಇದು ಗೊತ್ತಿದೆ. ನಾನು ಬೆರಳು ಎತ್ತಿ ತೋರಿಸಿದರೆ ಸಾಲು ಮುಗಿಯುವವರೆಗೆ ಯಾರೂ ಮಾತಾಡಿಸುವುದಿಲ್ಲ. ಉಳಿದ ಹೊತ್ತು ಅವರು ಕರೆದಾಗ ನಾನು ಏಳುತ್ತೇನೆ ಅಂತಲೂ ಅವರಿಗೆ ಗೊತ್ತು. ಹಾಗಾಗಿ ಆ 40 ನಿಮಿಷವನ್ನು ಖುಷಿಯಿಂದಲೇ ಬಿಟ್ಟುಕೊಡುತ್ತಾರೆ.

ಊರಿಗೆ ಹೊರಡುವ ಮೊದಲು ಆ ಕೆಲಸಕ್ಕೆ ಲೈಫ್‌ಲೈನ್ ಹಾಕಿಡಿ. ಬೇರೆ ಬಣ್ಣದ, ತೆಳುವಾದ, ನುಣುಪಾದ ಹತ್ತಿ ದಾರವನ್ನು ದಬ್ಬಣಕ್ಕೆ ಪೋಣಿಸಿ. ಕಡ್ಡಿಯ ಮೇಲಿರುವ ಪ್ರತಿ ಕುಣಿಕೆಯ ಒಳಗೂ ಅದನ್ನು ತೂರಿಸಿಕೊಂಡು ಹೋಗಿ. ಸ್ಟಿಚ್ ಮಾರ್ಕರ್ (ಗುರುತಿಗೆ ಕಡ್ಡಿಗೆ ಹಾಕುವ ಸಣ್ಣ ಉಂಗುರ) ಒಳಗೆ ದಾರ ಹೋಗದ ಹಾಗೆ ನೋಡಿಕೊಳ್ಳಿ. ಎರಡೂ ಕಡೆ ಒಂದು ಗೇಣು ದಾರ ಬಿಡಿ. ಮುಂದೆ ಏನೇ ತಪ್ಪಾದರೂ ಬಿಚ್ಚುವುದು ಆ ದಾರದವರೆಗೆ ಮಾತ್ರ, ಅಲ್ಲಿ ಪ್ರತಿ ಕುಣಿಕೆಯೂ ಹಾಗೇ ಕಾದಿರುತ್ತದೆ. ನನ್ನ ಶಾಲಿಗೆ ಇದನ್ನು ಹಾಕಿದ್ದಿದ್ದರೆ ಕಡ್ಡಿಗೆ ಕುಣಿಕೆ ಹಿಡಿಯಲು ಒಂದು ಸಂಜೆ ಕಳೆಯಬೇಕಿರಲಿಲ್ಲ. ಮುಂದಿನ ಸಾಲಿನ ನಂಬರ್ ಚೀಟಿಯಲ್ಲಿ ಬರೆದು ಕೆಲಸಕ್ಕೇ ಪಿನ್ ಮಾಡಿ. ಎರಡು ವಾರದ ನಂತರ ನೆನಪಿರುತ್ತದೆ ಅಂತ ಅನ್ನಿಸುತ್ತದೆ, ಇರುವುದಿಲ್ಲ.

ವಾಪಸ್ ಬಂದ ಮೇಲೆ

ಪ್ರಯಾಣದ ಚೀಲವನ್ನು ಅವತ್ತೇ ಖಾಲಿ ಮಾಡಿ. ಹೊರಗೆ ಹೆಣೆದ ಭಾಗವನ್ನು ಬೆಳಕಿನಲ್ಲಿ ಹಿಡಿದು ನೋಡಿ, ಸ್ಟಿಚ್ ಒಮ್ಮೆ ಎಣಿಸಿ. ಅಗಲವನ್ನೂ ಅಳೆಯಿರಿ. ಓಡುವ ಗಾಡಿಯಲ್ಲಿ ಕೈ ಬಿಗಿಯಾಗುವುದು, ಹರಟೆಯಲ್ಲಿ ಸಡಿಲವಾಗುವುದು ಸಹಜ. ಸ್ವಲ್ಪ ಹೆಚ್ಚುಕಮ್ಮಿ ಇದ್ದರೆ ಒಗೆದು ಹರವಿ ಒಣಗಿಸಿದಾಗ ಸರಿಹೋಗುತ್ತದೆ. 10 ಸೆಂ.ಮೀ.ಗೆ 20 ಸ್ಟಿಚ್ ಇರಬೇಕಾದಲ್ಲಿ 23 ಬಂದಿದ್ದರೆ ಅದು ಒಗೆದರೂ ಹೋಗುವುದಿಲ್ಲ. ಮಫ್ಲರ್ ಆದರೆ ಹಾಗೇ ಬಿಡಿ. ಸ್ವೆಟರ್‌ನ ಎದೆ ಭಾಗವಾದರೆ ಅಷ್ಟನ್ನು ಬಿಚ್ಚಿ, ನಾಳೆ ಬೆಳಗ್ಗೆ ಕಿಟಕಿ ಪಕ್ಕ ಕೂತು ಮತ್ತೆ ಹೆಣೆಯಿರಿ.